ಅಪ್ಪ-ಅಮ್ಮ ಯಾಕೆ ಆ್ಯಪಲ್ಲಿ ಊಟ ತರಿಸಲ್ಲ?

ಈ ಸಂಚಿಕೆ ಹುಟ್ಟಿದ್ದು ಒಂದು ಮಸಾಲೆ ದೋಸೆಯಿಂದ.

ಹೋದ ತಿಂಗಳು ಮೈಸೂರಲ್ಲಿ ಅಮ್ಮಂಗೆ ಜ್ವರ. ನಾನು ಬೆಂಗಳೂರಲ್ಲಿ ಕೂತೇ ಆ್ಯಪಲ್ಲಿ ಅಮ್ಮಂಗೆ ಇಡ್ಲಿ, ಅಪ್ಪಂಗೆ ದೋಸೆ ಕಳಿಸಿದೆ. ಖುಷಿ ಆಗ್ತಾರೆ ಅಂದ್ಕೊಂಡ್ರೆ ಅಪ್ಪನ ಫೋನ್: ‘ಅಲ್ಲಾ ಕಣೋ, ಸರ್ಕಲ್ ಹತ್ರ 60 ರೂಪಾಯಿಗೆ ಸಿಗೋ ದೋಸೆಗೆ 75 ಕೊಟ್ಟಿದ್ದೀಯಲ್ಲ?’

ಬಿಲ್ ತೆಗೆದು ನೋಡಿದೆ. ಬಿಕಾಂ ಓದಿದ್ದಕ್ಕೆ ಅಷ್ಟಾದ್ರೂ ಮಾಡ್ಬೇಕಲ್ಲ! ಹೋಟೆಲ್‌ನವರು ಪ್ರತಿ ಆರ್ಡರ್‌ಗೂ ಆ್ಯಪ್‌ಗೆ ಕಮಿಷನ್ ಕೊಡಬೇಕು. ಅದು ಲಾಭದ ಮೇಲಲ್ಲ, ಮಾರಾಟದ ಬೆಲೆ ಮೇಲೆ. 20% ಅಂತ ಇಟ್ಕೊಳ್ಳಿ. 60ರ ದೋಸೆಯಲ್ಲಿ ಅವರ ಕೈಗೆ 48. ಪೂರ್ತಿ 60 ಸಿಗಬೇಕಂದ್ರೆ 72ಕ್ಕೆ ಮಾರಿದ್ರೂ ಸಾಲಲ್ಲ, 75 ಮಾಡ್ಬೇಕು. ಅದರ ಮೇಲೆ ಪ್ಯಾಕಿಂಗ್, ಡೆಲಿವರಿ. ಊಟದ ಮೇಲೆ 5% ಜಿಎಸ್‌ಟಿ. ಇದನ್ನ 2022ರ ಜನವರಿಯಿಂದ ಹೋಟೆಲ್ ಬದಲು ಆ್ಯಪ್ ಕಂಪನಿಯೇ ಸರ್ಕಾರಕ್ಕೆ ಕಟ್ಟುತ್ತೆ. ಆಮೇಲೆ ಪ್ಲಾಟ್‌ಫಾರ್ಮ್ ಶುಲ್ಕ. 2023ರಲ್ಲಿ ಸ್ವಿಗ್ಗಿ, ಝೊಮ್ಯಾಟೊ ಇದನ್ನ ಶುರು ಮಾಡಿದಾಗ 2 ರೂಪಾಯಿ. 2025ರ ಹೊತ್ತಿಗೆ ಹತ್ತು ದಾಟಿತ್ತು.

ಅಪ್ಪಂಗೆ ಫೋನ್ ಬಳಸೋಕೆ ಬರಲ್ಲ ಅಂತಲ್ಲ. ಕರೆಂಟ್ ಬಿಲ್, ರೈಲು ಟಿಕೆಟ್ ಎಲ್ಲಾ ಅವರದ್ದೇ. ಆದ್ರೆ ಅವರ ತಲೇಲಿ ಹೋಟೆಲ್ ದರ ಇದೆ. ನಂಗೆ ಗೊತ್ತಿರೋದು ಆ್ಯಪ್ ದರ ಮಾತ್ರ, ಹಾಗಾಗಿ ದುಬಾರಿ ಅನ್ಸಲ್ಲ.

ಅಮ್ಮನ ತಕರಾರೇ ಬೇರೆ. ಇಡ್ಲಿ ಜೊತೆ ಚಟ್ನಿ ಬಂದಿರ್ಲಿಲ್ಲ. ‘ಹೋಟೆಲಲ್ಲಾಗಿದ್ರೆ ಸಪ್ಲೈಯರ್‌ನ ಕರೆದು ಕೇಳ್ತಿದ್ದೆ. ಇಲ್ಲಿ ಯಾರನ್ನ ಕೇಳ್ಲಿ? ಪಾಪ, ತಂದುಕೊಟ್ಟ ಹುಡುಗನ್ನ ಬೈಯೋಕಾಗುತ್ತಾ?’ ತರಕಾರಿನೂ ಅಮ್ಮ ಆ್ಯಪಲ್ಲಿ ತರಿಸಲ್ಲ. ಬೀನ್ಸ್ ಮುರಿದು ನೋಡದೆ ತಗೊಂಡಿದ್ದೇ ಇಲ್ಲ.

ಇಷ್ಟಕ್ಕೇ ಸಂಚಿಕೆ ಮುಗಿಸೋಣ ಅಂತಿದ್ದೆ. ಅಷ್ಟರಲ್ಲಿ ಅಪ್ಪ, ‘ಮನೇಲಿ ಮಾಡಿದ್ರೆ ದೋಸೆಗೆ ಹದಿನೈದು ರೂಪಾಯಿನೂ ಬೀಳಲ್ಲ’ ಅಂದ್ರು. ಮಾಡೋರು ಯಾರು? ಜ್ವರದ ಮೊದಲ ದಿನವೂ ಒಲೆ ಮುಂದೆ ನಿಂತಿದ್ದು ಅಮ್ಮನೇ. ಆ ಹದಿನೈದು ರೂಪಾಯಲ್ಲಿ ಅಕ್ಕಿ, ಉದ್ದು, ಗ್ಯಾಸ್ ಇದೆ, ಕೂಲಿ ಸೊನ್ನೆ. ಕಾಸ್ಟ್ ಅಕೌಂಟಿಂಗ್ ಪರೀಕ್ಷೆಯಲ್ಲಿ ಹೀಗೆ ಬರೆದಿದ್ರೆ ನಾನು ಫೇಲ್. ಇದನ್ನ ಅಪ್ಪಂಗೆ ಹೇಳಿದೆ. ಸ್ವಲ್ಪ ಜೋರಾಗೇ ಹೇಳಿದೆ ಅನ್ಸುತ್ತೆ. ಅವರು ಏನೂ ಮಾತಾಡದೆ ಫೋನ್ ಇಟ್ರು.

ಮಾರನೇ ದಿನ ಬೆಳಗ್ಗೆ ಸ್ಟೀಲ್ ಕ್ಯಾರಿಯರ್ ಹಿಡ್ಕೊಂಡು ಸರ್ಕಲ್‌ವರೆಗೂ ನಡೆದು ಹೋಗಿ ಇಡ್ಲಿ ತಂದ್ರಂತೆ. ಚಟ್ನಿ ಎರಡು ಸಲ ಕೇಳಿ ಹಾಕಿಸ್ಕೊಂಡು. ‘ಪ್ಯಾಕಿಂಗ್ ಚಾರ್ಜೂ ಉಳೀತು’ ಅಂತ ಅಮ್ಮನ ಹತ್ರ ಹೇಳಿದ್ರಂತೆ.