ಗೇಣುದ್ದದ ಟಿಕಿ

ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳಲ್ಲಿ ಮರ, ಕಲ್ಲು ಅಥವಾ ಎಲುಬಿನಲ್ಲಿ ಕೆತ್ತಿದ ಮನುಷ್ಯಾಕೃತಿಗೆ ಟಿಕಿ ಎಂದು ಹೆಸರು. ನ್ಯೂಜಿಲೆಂಡಿನ ಮಾವೊರಿಗಳ ಕೆಲವು ಕಥೆಗಳಲ್ಲಿ ಟಿಕಿ ಸೃಷ್ಟಿಯ ಮೊದಲ ಮನುಷ್ಯ. ಮಾರ್ಕೇಸಸ್ ದ್ವೀಪಗಳಲ್ಲಿ ದೈವವಾದ ಹಿರೀಕ. ಇಂಥದೇ ಮೂರ್ತಿಯನ್ನು ಹವಾಯಿಯವರು ‘ಕಿಇ’ ಎನ್ನುತ್ತಾರೆ, ತಾಹಿಟಿಯವರು ‘ತಿಇ’ ಎನ್ನುತ್ತಾರೆ. ಪೂಜಾಸ್ಥಳಗಳಲ್ಲಿ ನಿಲ್ಲಿಸುತ್ತಿದ್ದ ಆಳೆತ್ತರದ ಮೂರ್ತಿಗಳಷ್ಟೇ ಟಿಕಿಯಲ್ಲ. ಬೀಸಣಿಗೆಯ ಹಿಡಿಯಲ್ಲಿ, ಮರಗಾಲಿನ ಮೆಟ್ಟಿನಲ್ಲಿ, ಗದೆಯ ತಲೆಯಲ್ಲಿ ಕೂತ ಗೇಣುದ್ದದ, ಬೆರಳುದ್ದದ ರೂಪಗಳೂ ಟಿಕಿಯೇ.

ಈ ಕಲೆ ಹೆಚ್ಚು ಬೆಳೆದದ್ದು ಮಾರ್ಕೇಸಸ್‌ನಲ್ಲಿ. ಫ್ರೆಂಚ್ ಪಾಲಿನೇಷ್ಯಕ್ಕೆ ಸೇರಿದ ಈ ದ್ವೀಪಸಮೂಹದಲ್ಲಿ ಜನವಸತಿ ಇರುವುದು ಆರು ದ್ವೀಪಗಳಲ್ಲಿ ಮಾತ್ರ. ಜನಸಂಖ್ಯೆ ಒಂಬತ್ತು ಸಾವಿರದ ಆಸುಪಾಸು. 1595ರಲ್ಲಿ ಸ್ಪೇನಿನ ಮೆಂಡಾನ್ಯ, 1774ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ಇಲ್ಲಿಗೆ ಬಂದಿದ್ದರು. ಹಿವಾ ಓವಾ ದ್ವೀಪದ ಪುವಾಮಾವು ಕಣಿವೆಯಲ್ಲಿ ಎರಡೂವರೆ ಮೀಟರಿಗೂ ಎತ್ತರದ ‘ತಕಾಯಿ’ ಎಂಬ ಕಲ್ಲಿನ ಟಿಕಿ ಇಂದಿಗೂ ನಿಂತಿದೆ. 2024ರಲ್ಲಿ ಯುನೆಸ್ಕೊ ಈ ದ್ವೀಪಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾರ್ಕೇಸಸ್ ಟಿಕಿಯನ್ನು ಒಮ್ಮೆ ನೋಡಿದವರು ಮತ್ತೆಲ್ಲಿ ಕಂಡರೂ ಗುರುತಿಸುತ್ತಾರೆ. ಇಡೀ ಮೈಯ ಮೂರನೇ ಒಂದು ಪಾಲು ತಲೆಯೇ. ‘ಮನ’ ಎಂಬ ಶಕ್ತಿ ನೆಲೆಸುವುದು ತಲೆಯಲ್ಲಿ ಎಂಬ ನಂಬಿಕೆಗೆ ತಕ್ಕ ಅಳತೆ ಇದು. ಕನ್ನಡಕ ಹಾಕಿದಂತೆ ಸುತ್ತ ಏಣು ಕಟ್ಟಿದ ದುಂಡು ಕಣ್ಣು, ಚಪ್ಪಟೆ ಮೂಗು, ಕೆನ್ನೆಯಿಂದ ಕೆನ್ನೆಗೆ ಎಳೆದಂಥ ಬಾಯಿ, ಹೊಟ್ಟೆಯ ಮೇಲಿಟ್ಟ ಕೈಗಳು, ಬಾಗಿದ ಮಂಡಿ, ಗಿಡ್ಡ ಕಾಲು. ನೋಡಲು ಕುಳ್ಳನೆಂದು ಕಂಡರೂ ಈ ಆಕಾರದಲ್ಲಿ ಮರವನ್ನು ಬಲ್ಲವರ ಲೆಕ್ಕಾಚಾರವಿದೆ. ಮರದ ಎಳೆಗಳು ತಲೆಯಿಂದ ಕಾಲಿನವರೆಗೆ ನೆಟ್ಟಗೆ ಓಡುತ್ತವೆ. ಎಳೆಗೆ ಅಡ್ಡವಾಗಿ ಚಾಚಿದ ತೆಳು ಅಂಗ ಯಾವುದೇ ಆಗಲಿ, ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಮುಂದೋಳು ಅಡ್ಡ ಬರುವುದು ಮೊಣಕೈಯಿಂದ ಆಚೆಗೆ. ಆ ಭಾಗವನ್ನು ಹೊಟ್ಟೆಗೆ ಅಂಟಿಸಿಬಿಟ್ಟರೆ ಅದಕ್ಕೆ ಹಿಂದಿನ ದಿಮ್ಮಿಯದೇ ಆಸರೆ ಸಿಗುತ್ತದೆ. ಕೈ ಚಾಚಿ ನಿಂತ ಟಿಕಿ ಅಪರೂಪವಾದದ್ದಕ್ಕೆ ಧಾರ್ಮಿಕ ಕಾರಣಗಳಷ್ಟೇ ಈ ಕಾರಣವೂ ಇದ್ದೀತು.

ಚಿಕ್ಕ ಟಿಕಿಗೆ ಒಳ್ಳೆಯ ಉದಾಹರಣೆ ‘ತಪುವಾಯೆ’, ಅಂದರೆ ಮರಗಾಲಿನ ಮೆಟ್ಟು. ಹಿರಿಯರ ನೆನಪಿನ ಹಬ್ಬಗಳಲ್ಲಿ ಕಲ್ಲು ಹಾಸಿನ ಅಂಗಳದ ಮೇಲೆ ಇಬ್ಬರು ಮರಗಾಲು ಕಟ್ಟಿಕೊಂಡು ಒಬ್ಬರನ್ನೊಬ್ಬರು ಬೀಳಿಸುವ ಆಟವಿತ್ತು. ಆಟಗಾರ ಕಾಲಿಡುವ ಮೆಟ್ಟನ್ನು ಟಿಕಿಯೇ ತಲೆಯ ಮೇಲೆ ಹೊತ್ತಿರುತ್ತಿತ್ತು. ತೆಂಗಿನ ನಾರಿನ ಹುರಿಯಿಂದ ಅದನ್ನು ಕೋಲಿಗೆ ಬಿಗಿಯುತ್ತಿದ್ದರು. ಮೈಭಾರವೆಲ್ಲ ಬೀಳುವ ಜಾಗದಲ್ಲಿ ಇಷ್ಟು ಸೂಕ್ಷ್ಮದ ಕೆತ್ತನೆ ಏಕೆ ಎಂದು ಇಂದಿನವರಿಗೆ ಅನಿಸಬಹುದು. ಅಲ್ಲಿನವರಿಗೆ ಬೀಳದಂತೆ ಕಾಯುವ ಹಿರೀಕ ಇರಬೇಕಾದ ಜಾಗವೇ ಅದು.

ಟಿಕಿಗೆ ಬಳಸುವ ಮರಗಳಲ್ಲಿ ಹಲವು ಕನ್ನಡ ನಾಡಿನ ಕರಾವಳಿಯವರಿಗೂ ಪರಿಚಿತ. ಮಾರ್ಕೇಸಸ್‌ನವರು ‘ಮಿಯೊ’, ಹವಾಯಿಯವರು ‘ಮಿಲೊ’ ಎನ್ನುವ ಕೆಂಗಂದು ಮರ ನಮ್ಮ ಹೂವರಸಿ. ಗದೆ, ಮರಗಾಲಿನಂಥ ಗಟ್ಟಿ ಕೆಲಸಕ್ಕೆ ಬೇಕಾದ ‘ತೋವ’ ನಮ್ಮ ಗಾಳಿಮರ. ಮೈಸೂರು ಕಡೆ ಅದನ್ನೇ ಸರ್ವೆ ಎನ್ನುತ್ತಾರೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಹವಾಯಿಯ ಯುದ್ಧದೇವತೆ ‘ಕೂ’ವಿನ ಎರಡೂವರೆ ಮೀಟರ್ ಮೀರಿದ ಮೂರ್ತಿಯನ್ನು ಕೆತ್ತಿರುವುದು ಮಂಗಳೂರಿನವರು ಪೋಡಿ ಮಾಡಿ ತಿನ್ನುವ ಜೀಗುಜ್ಜೆಯ ಮರದಲ್ಲಿ. ಇವುಗಳ ಜೊತೆಗೆ ‘ತೋವು’ ಎಂಬ ಗಾಢ ಗೀರುಗಳ ಸುಂದರ ಮರವೂ ಇದೆ; ಇಂದಿನ ಕುಶಲಕರ್ಮಿಗಳಿಗೆ ಬಲು ಪ್ರಿಯ. ಈಸ್ಟರ್ ದ್ವೀಪದ ಕಥೆ ಮಾತ್ರ ಬೇಸರದ್ದು. ಅಲ್ಲಿ ಪಕ್ಕೆಲುಬು ಎದ್ದು ಕಾಣುವ ಚಿಕ್ಕ ಮೂರ್ತಿಗಳನ್ನು ಕೆತ್ತುತ್ತಿದ್ದ ತೊರೊಮಿರೊ ಮರ 20ನೇ ಶತಮಾನದ ಮಧ್ಯದ ಹೊತ್ತಿಗೆ ದ್ವೀಪದ ಕಾಡಿನಿಂದಲೇ ಅಳಿದುಹೋಯಿತು. ಉಳಿದದ್ದು ಹೊರಗೆ ಒಯ್ದ ಬೀಜಗಳಿಂದ ಬೆಳೆಸಿದ ಗಿಡಗಳು.

ಶ್ರೀಗಂಧವೂ ಇತ್ತು. ಆಸ್ಟ್ರಲ್ ದ್ವೀಪಗಳ ರುರುಟುವಿನ ‘ಆಅ’ ಎಂಬ ಮೂರ್ತಿಯನ್ನು 1821ರಲ್ಲಿ ಅಲ್ಲಿನವರು ಲಂಡನ್ ಮಿಷನರಿ ಸೊಸೈಟಿಗೆ ಒಪ್ಪಿಸಿದರು. ಈಗ ಅದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಮೈಮೇಲೆ 30 ಪುಟ್ಟ ಆಕೃತಿಗಳಿವೆ. ಹತ್ತಿರ ಹೋಗಿ ನೋಡಿದರೆ ಮುಖದ ಕಣ್ಣು, ಮೂಗು, ಬಾಯಿ ಕೂಡ ಒಂದೊಂದು ಮರಿಮೂರ್ತಿ ಎಂದು ತಿಳಿಯುತ್ತದೆ. ಬೆನ್ನಿಗೆ ಮುಚ್ಚಳ, ಒಳಗೆ ಪೊಳ್ಳು. ಬಹುಕಾಲ ಬೇರೆ ಮರದ್ದೆಂದು ತಿಳಿದಿದ್ದ ಇದು ಶ್ರೀಗಂಧದ್ದು ಎಂದು ಗೊತ್ತಾದದ್ದು ಇತ್ತೀಚಿನ ಪರೀಕ್ಷೆಯಲ್ಲಿ. ಸಾಗರ, ಸೊರಬದ ಗುಡಿಗಾರರಿಗೆ ಈ ಆಯ್ಕೆ ಅಚ್ಚರಿ ತರಲಾರದು: ಎಳೆ ಬಿಗಿಯಾಗಿ ಒತ್ತೊತ್ತಾಗಿರುವ ಗಂಧದಲ್ಲಿ ಕೂದಲೆಳೆಯ ಗೆರೆಯೂ ನಿಲ್ಲುತ್ತದೆ.

ಹಳೆಯ ಮರದ ಟಿಕಿಗಳು ಇಷ್ಟು ಕಡಿಮೆ ಉಳಿದಿರುವುದಕ್ಕೆ ಹುಳುವೊಂದೇ ಕಾರಣವಲ್ಲ. 1819ರಲ್ಲಿ ಹವಾಯಿಯ ದೊರೆ ಲಿಹೊಲಿಹೊ ಹಳೆಯ ನಿಷೇಧಗಳ ‘ಕಪು’ ಪದ್ಧತಿಯನ್ನು ಮುರಿದಾಗ ಮೂರ್ತಿಗಳು ರಾಶಿರಾಶಿಯಾಗಿ ಬೆಂಕಿಗೆ ಬಿದ್ದವು. ಬೇರೆ ದ್ವೀಪಗಳಲ್ಲಿ ಆ ಕೆಲಸವನ್ನು ಕ್ರೈಸ್ತ ಮಿಷನರಿಗಳು ಮಾಡಿಸಿದರು. ಮಾರ್ಕೇಸಸ್‌ನಲ್ಲಿ ಹೊರಗಿನಿಂದ ಬಂದ ರೋಗಗಳಿಗೆ ಜನರೇ ಅಳಿದು, 1920ರ ದಶಕದ ಹೊತ್ತಿಗೆ ಎರಡು ಸಾವಿರದಷ್ಟು ಮಂದಿ ಮಾತ್ರ ಉಳಿದರು. ಕೆತ್ತುವ ಕೈಗಳೂ ಹಾಗೆಯೇ ಕಡಿಮೆಯಾದವು. 1978ರಲ್ಲಿ ಶುರುವಾದ ‘ಮೋತು ಹಾಕಾ’ ಸಂಘ, ಆಮೇಲಿನ ಕಲಾಹಬ್ಬಗಳು ಈ ವಿದ್ಯೆಗೆ ಮತ್ತೆ ನೆಲೆ ಕೊಟ್ಟವು. ಈ ನಡುವೆ ಅಮೆರಿಕದಲ್ಲಿ ಟಿಕಿಗೆ ಬೇರೆಯೇ ಅವತಾರ ಸಿಕ್ಕಿತ್ತು. 1930ರ ದಶಕದಲ್ಲಿ ಹಾಲಿವುಡ್‌ನ ಡಾನ್ ದಿ ಬೀಚ್‌ಕೋಂಬರ್ ಎಂಬ ಬಾರಿನಿಂದ ಹಬ್ಬಿದ ಖಯಾಲಿಗೆ ತಕ್ಕಂತೆ ಹೋಟೆಲು, ಬಾರುಗಳಿಗೆ ಟಿಕಿ ಕೆತ್ತಿಕೊಡುವವರು ಹುಟ್ಟಿಕೊಂಡರು. 1956ರಿಂದ 2021ರವರೆಗೆ ಕ್ಯಾಲಿಫೋರ್ನಿಯದಲ್ಲಿದ್ದ ಓಷಿಯಾನಿಕ್ ಆರ್ಟ್ಸ್ ಎಂಬ ಸಂಸ್ಥೆ ಅವರಲ್ಲಿ ಹೆಸರಾದದ್ದು. ಇವರು ಹೆಚ್ಚಾಗಿ ತಾಳೆ ಜಾತಿಯ ಕಾಂಡಗಳನ್ನು ಬಳಸಿದರು. ಆಳೆತ್ತರದ ಒರಟು ಮುಖಕ್ಕೆ ಅದು ಆದೀತು. ಚಿಕ್ಕ ಟಿಕಿಗೆ ಆಗದು. ನಾರಿನ ಕಟ್ಟುಗಳ ನಡುವಿನ ಮೆದು ಭಾಗ ಉಳಿ ತಾಗಿದೊಡನೆ ಪುಡಿಯಾಗುತ್ತದೆ.

ಮರ ಆರಿಸುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ನಡುವಿನ ತಿರುಳು ಒಳಗೊಂಡ ಇಡೀ ಕೊಂಬೆಯನ್ನು ತೆಗೆದುಕೊಂಡರೆ ಅದು ಬಿರಿಯುವುದು ಖಚಿತ. ಮರ ಒಣಗುವಾಗ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವ ಪ್ರಮಾಣ, ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಈ ಎಳೆದಾಟ ತೀರುವುದು ತಿರುಳಿನವರೆಗೆ ಹೋಗುವ ಒಂದು ಉದ್ದ ಬಿರುಕಿನಲ್ಲಿ. ಆದ್ದರಿಂದ ಬೊಡ್ಡೆಯನ್ನು ಸೀಳಿ, ತಿರುಳು ಬಿಟ್ಟು, ಚೇಗಿನ ಭಾಗವನ್ನಷ್ಟೇ ತೆಗೆದುಕೊಂಡು, ಕೊನೆಗಳಿಗೆ ಮೇಣ ಬಳಿದು ನೆರಳಲ್ಲಿ ನಿಧಾನವಾಗಿ ಒಣಗಿಸುತ್ತಾರೆ.

ಕಬ್ಬಿಣ ಬರುವ ಮೊದಲು ಕಪ್ಪುಕಲ್ಲಿನ ಬಾಚಿ, ಶಾರ್ಕಿನ ಹಲ್ಲು, ಇಲಿಯ ಹಲ್ಲುಗಳೇ ಹತಾರಗಳು. ಹಡಗಿನವರಿಂದ ಮೊಳೆ ಸಿಕ್ಕಿದಾಗ ದ್ವೀಪದವರು ಅದನ್ನು ಉಳಿ ಮಾಡಿಕೊಂಡರು. ಇಂದು ಒಂದು ಗರಗಸ, ಕೊಡತಿ, ಒಂದೆರಡು ಚಪ್ಪಟೆ ಉಳಿ, ಬೇರೆಬೇರೆ ಬಾಗಿನ ಮೂರು ನಾಲ್ಕು ಗುಂಡುಳಿ, ಒಂದು ಚೂಪು ಚಾಕು, ಸಾಣೆಕಲ್ಲು ಇದ್ದರೆ ಗೇಣುದ್ದದ ಟಿಕಿಗೆ ಸಾಕು. ತುಂಡಿನ ನಾಲ್ಕೂ ಮುಖಗಳ ನಡುವೆ ಒಂದೊಂದು ಗೆರೆ ಎಳೆದು, ಎದುರು ಮತ್ತು ಪಕ್ಕದ ನೋಟವನ್ನು ಗುರುತು ಹಾಕಿಕೊಳ್ಳುವುದು ಮೊದಲ ಹಂತ. ಗಲ್ಲದ ಕೆಳಗೆ, ಮೊಣಕೈ ಕೆಳಗೆ, ಕುಂಡೆಯ ಕೆಳಗೆ ಗರಗಸದಿಂದ ಅಡ್ಡ ಗೀಟು ಹಾಕುತ್ತಾರೆ. ಹೀಗೆ ಎಳೆ ಕಡಿದಿಟ್ಟರೆ ಉಳಿ ಎಬ್ಬಿಸಿದ ಚಕ್ಕೆ ಅಲ್ಲಿಗೇ ನಿಲ್ಲುತ್ತದೆ, ಮುಖದವರೆಗೆ ಸೀಳಿಕೊಂಡು ಹೋಗದು. ಮುಂದೆಲ್ಲ ಒಂದೇ ಕಟ್ಟಳೆ: ಉಳಿ ನಡೆಯಬೇಕಾದದ್ದು ಉಬ್ಬಿನಿಂದ ತಗ್ಗಿಗೆ. ಮಂಡಿಯಿಂದ ತೊಡೆಯ ತಗ್ಗಿಗೆ ಮೇಲಕ್ಕೆ, ಹೊಟ್ಟೆಯಿಂದ ಅದೇ ತಗ್ಗಿಗೆ ಕೆಳಕ್ಕೆ. ತಗ್ಗಿನಿಂದ ಉಬ್ಬಿಗೆ ಹೋದರೆ ಉಳಿ ಎಳೆಯ ಸಂದಿಗೆ ಹೊಕ್ಕು ಮಂಡಿಯನ್ನೇ ಎತ್ತಿಬಿಡುತ್ತದೆ.

ಕಣ್ಣು ಕೊನೆಗೆ. ಗುಂಡುಳಿಯನ್ನು ನೆಟ್ಟಗೆ ಹಿಡಿದು, ಒತ್ತಿ, ಸ್ವಲ್ಪ ಸ್ವಲ್ಪ ತಿರುಗಿಸುತ್ತ ಒಂದು ಸುತ್ತು. ಅದರ ಹೊರಗೆ ತುಸು ದೊಡ್ಡ ಉಳಿಯಲ್ಲಿ ಇನ್ನೊಂದು ಸುತ್ತು. ಎರಡರ ನಡುವೆ ಉಳಿಯುವುದೇ ಏಣು. ಆಮೇಲೆ ಒಳಗಿನ ವೃತ್ತದ ಅಂಚನ್ನು ಚಾಕುವಿನಿಂದ ತಗ್ಗಿಸಿದರೆ ಗುಡ್ಡೆ ಉಬ್ಬಿ ಬರುತ್ತದೆ. ಏಣಿನ ಎಡಬಲ ಭಾಗಗಳು ಎಳೆಯ ಜೊತೆಯಲ್ಲೇ ಸಾಗುವುದರಿಂದ ಗಟ್ಟಿ. ಮೇಲೆ, ಕೆಳಗೆ ಅದು ಎಳೆಗೆ ಅಡ್ಡ ಬೀಳುತ್ತದೆ. ಅಲ್ಲಿ ಎಳೆಯ ಉದ್ದ ಏಣಿನ ದಪ್ಪದಷ್ಟೇ. ಅನುಭವಿಗಳು ಆ ಎರಡು ಜಾಗವನ್ನು ತುಸು ದಪ್ಪಗೇ ಬಿಡುತ್ತಾರೆ. ಕೆಳತುಟಿಗೂ ಇದೇ ಎಚ್ಚರ ಬೇಕು.

ನಯ ಮಾಡಲು ಹಿಂದೆ ಹವಳದ ಚೂರು, ಮರಳು, ಶಾರ್ಕಿನ ಚರ್ಮ ಬಳಸುತ್ತಿದ್ದರು, ಈಗ ಉಪ್ಪುಕಾಗದ. ಮಾರ್ಕೇಸಸ್‌ನವರು ಗಾಳಿಮರದ ಗದೆಗಳನ್ನು ಕೆಸುವಿನ ಗದ್ದೆಯ ಕೆಸರಿನಲ್ಲಿ ಹೂತಿಟ್ಟು ಕಪ್ಪೇರಿಸಿ, ಕೊಬ್ಬರಿ ಎಣ್ಣೆ ತಿಕ್ಕಿ ಹೊಳಪು ಕೊಡುತ್ತಿದ್ದರು. ಮನೆಯಲ್ಲಿ ಕೆತ್ತುವವರಿಗೆ ಕೊಬ್ಬರಿ ಎಣ್ಣೆ ಅಷ್ಟು ಒಳ್ಳೆಯದಲ್ಲ. ಅದು ಒಣಗಿ ಪದರ ಕಟ್ಟದೆ ದೂಳು ಹಿಡಿಯುತ್ತದೆ, ಕೊನೆಗೆ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿ, ಮೇಲೆ ಜೇನುಮೇಣ ತಿಕ್ಕುವುದು ಲೇಸು. ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದುರಿ ಬಿಸಾಡಬಾರದು. ತಾನೇ ಕಾದು ಹೊತ್ತಿಕೊಳ್ಳಬಲ್ಲದು.

ಇನ್ನು ದುರಸ್ತಿ. ಟಿಕಿಗೆ ಬರುವ ಸಾಮಾನ್ಯ ಕೇಡು ಬಿರುಕು. ತೇವದ ದ್ವೀಪದಲ್ಲಿ ಕೆತ್ತಿದ್ದು ಹೀಟರ್ ಉರಿಯುವ ಮನೆಗೋ ಎ.ಸಿ. ಕೋಣೆಗೋ ಹೋದರೆ ಕೆಲವೇ ವಾರಗಳಲ್ಲಿ ಬಾಯಿ ಬಿಡುತ್ತದೆ. ಕಂಡ ಕೂಡಲೇ ತುಂಬಲು ಹೋಗುವುದು ತಪ್ಪು. ಮಳೆಗಾಲದಲ್ಲಿ ಅದು ಮುಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ತೆರೆಯುತ್ತದೆ. ಒಂದು ವರ್ಷದ ಈ ಆಟ ನೋಡಿದ ಮೇಲೆ ಕೈ ಹಾಕಬೇಕು. ಬೇಸಿಗೆಯಲ್ಲಿ ಗಟ್ಟಿ ಎಪಾಕ್ಸಿ ತುಂಬಿದರೆ ಮಳೆಗಾಲದಲ್ಲಿ ಉಬ್ಬುವ ಮರಕ್ಕೆ ಜಾಗವಿಲ್ಲದೆ ಪಕ್ಕದಲ್ಲಿ ಹೊಸ ಬಿರುಕು ಹುಟ್ಟುತ್ತದೆ. ಕಿರಿದಾದ ಬಿರುಕಿಗೆ ಬಣ್ಣ ಬೆರೆಸಿದ ಮೇಣ ಸಾಕು. ಅಗಲವಾದದ್ದಕ್ಕೆ ಅದೇ ಜಾತಿಯ ಮರದ ತೆಳು ಬೆಣೆಯನ್ನು ಎಳೆಯ ದಿಕ್ಕು ಹೊಂದಿಸಿ, ಒಂದೇ ಬದಿಗೆ ಅಂಟು ಹಚ್ಚಿ ಕೂರಿಸುತ್ತಾರೆ. ಇನ್ನೊಂದು ಬದಿ ಉಸಿರಾಡಲಿ ಎಂದು.

ಕಣ್ಣಿನ ಏಣು, ತುಟಿ, ಪಾದ ಮುರಿದಿದ್ದರೆ ಚೂರು ಕಳೆಯದಿರುವುದೇ ಮುಖ್ಯ. ಮುರಿದ ಮುಖಗಳನ್ನು ಉಜ್ಜಿ ನಯ ಮಾಡಕೂಡದು. ಎಳೆಗಳು ಹಲ್ಲುಹಲ್ಲಾಗಿ ಒಂದರೊಳಗೊಂದು ಕೂರುವುದರಲ್ಲೇ ಬಲವಿದೆ. ಕ್ಷಣದಲ್ಲಿ ಹಿಡಿಯುವ ಅಂಟು ಬಿರುಸಾಗುತ್ತದೆ, ತಿದ್ದುಪಡಿಗೆ ಎಡೆ ಕೊಡುವುದಿಲ್ಲ. ಬಡಗಿಗಳ ಬಿಳಿ ಅಂಟು ವಾಸಿ. ಬೆಲೆಬಾಳುವ ಮೂರ್ತಿಗೆ ಚರ್ಮ, ಎಲುಬಿನಿಂದ ತೆಗೆದ ಹಳೆಯ ಬಗೆಯ ಸರೇಸು ಇನ್ನೂ ವಾಸಿ: ಬಿಸಿನೀರು ತಾಗಿಸಿದರೆ ಬಿಡುತ್ತದೆ, ಮುಂದೊಬ್ಬರು ಚೆನ್ನಾಗಿ ಕೂಡಿಸಬಹುದು. ಭಾರ ಹೊರುವ ಕಾಲಿಗೆ ಮಾತ್ರ ಒಳಗೊಂದು ಮರದ ಗೂಟ ಬೇಕು.

ಬಿರುಕು ಹಿಡಿದು ನಿಲ್ಲಿಸಲು ಹವಾಯಿಯವರದೇ ಒಂದು ಉಪಾಯವಿದೆ, ‘ಪೇವ’. ಮೀನಿನ ಎರಡು ಬಾಲಗಳನ್ನು ಸೊಂಟಕ್ಕೆ ಸೊಂಟ ಸೇರಿಸಿದಂಥ ಮರದ ತುಣುಕನ್ನು ಬಿರುಕಿಗೆ ಅಡ್ಡವಾಗಿ ಕೂರಿಸುತ್ತಾರೆ. ಅದರ ಎಳೆಯೂ ಬಿರುಕಿಗೆ ಅಡ್ಡ ಇರಬೇಕು. ಇಲ್ಲವಾದರೆ ನಡುವಿನಲ್ಲೇ ತುಂಡಾಗುತ್ತದೆ. ಹವಾಯಿಯ ಮರದ ಬಟ್ಟಲುಗಳಲ್ಲಿ ಇಂಥ ತೇಪೆಗಳನ್ನು ಮರೆಮಾಚುವ ಪ್ರಯತ್ನವೇ ಇಲ್ಲ. ಬೇರೆ ಬಣ್ಣದ ಮರವನ್ನೇ ಬಳಸಿರುವುದೂ ಉಂಟು. ತೇಪೆಬಿದ್ದ ಬಟ್ಟಲಿಗೆ ಮರ್ಯಾದೆ ಹೆಚ್ಚು. ಚಿಕ್ಕ ಟಿಕಿಯ ಬೆನ್ನಿಗೆ ಮೂರು ನಾಲ್ಕು ಮಿಲಿಮೀಟರ್ ಆಳದ ಒಂದೆರಡು ಪೇವ ಸಾಕಾಗುತ್ತವೆ. ಮುರಿದದ್ದು ಕಾಣಬಾರದೆಂದು ಬಣ್ಣ ಬಳಿಯುವುದಕ್ಕಿಂತ ಇದು ಎಷ್ಟೋ ಮೇಲು.

ತೂತುಗಳಿಂದ ಹೊಸ ಹುಡಿ ಉದುರುತ್ತಿದ್ದರೆ ಒಳಗೆ ಹುಳು ಜೀವಂತವಿದೆ ಎಂದರ್ಥ. ಮೂರ್ತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಕಟ್ಟಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದೆರಡು ವಾರ ಇಟ್ಟರೆ ಹುಳು ಮೊಟ್ಟೆ ಸಹಿತ ಸಾಯುತ್ತದೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಚೀಲ ಬಿಚ್ಚಬಾರದು, ಬಿಚ್ಚಿದರೆ ಮರದ ಮೇಲೆ ನೀರು ಕಟ್ಟುತ್ತದೆ. ಬಣ್ಣ, ಚಿಪ್ಪು, ಎಲುಬಿನ ಜೋಡಣೆ ಇರುವ ಮೂರ್ತಿಗೆ ಈ ಉಪಾಯ ಬೇಡ. ಹುಳು ತಿಂದು ಪೊಳ್ಳಾದ ಮರವನ್ನು ಗಟ್ಟಿ ಮಾಡಲು ಸಂರಕ್ಷಕರು ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಉಣಿಸುತ್ತಾರೆ. ಬೇಕೆಂದಾಗ ಅದನ್ನು ಬಹುಮಟ್ಟಿಗೆ ಹಿಂದೆಗೆಯಬಹುದು.

ಇಷ್ಟೆಲ್ಲ ಉಪಚಾರ ಅಂಗಡಿಯಲ್ಲಿ ಕೊಂಡ, ಕೈಯಾರೆ ಕೆತ್ತಿದ, ಬಾರಿನ ಗೋಡೆಯಿಂದ ಬಂದ ಟಿಕಿಗಳಿಗೆ. 19ನೇ ಶತಮಾನದ್ದೋ ಅದಕ್ಕೂ ಹಿಂದಿನದೋ ಇರಬಹುದೆಂಬ ಗುಮಾನಿ ಹುಟ್ಟಿದರೆ ಕೈ ತಡೆಯಬೇಕು. ಅದರ ಮೇಲಿನ ಜಿಡ್ಡು, ಮಸಿ, ಸುತ್ತಿದ ನಾರು ಕೊಳೆಯಲ್ಲ. ಯಾವ ಕಲ್ಲಿನ ಬಾಚಿ ಎಲ್ಲಿ ತಾಗಿತ್ತು, ಯಾವ ಎಣ್ಣೆ ಹಚ್ಚಿದ್ದರು ಎಂಬುದಕ್ಕೆ ಉಳಿದಿರುವ ದಾಖಲೆ ಅದೊಂದೇ. ಮೆದು ಕುಂಚದಿಂದ ದೂಳು ಒರೆಸಿ, ಮುರಿದ ಚೂರಿದ್ದರೆ ಬೇರೆ ಚೀಲದಲ್ಲಿ ಹಾಕಿ, ನೀರು, ಎಣ್ಣೆ, ಅಂಟು ಯಾವುದನ್ನೂ ತಾಗಿಸದೆ ವಸ್ತುಸಂಗ್ರಹಾಲಯದ ಸಂರಕ್ಷಕರಿಗೆ ತೋರಿಸುವುದಷ್ಟೇ ಅಲ್ಲಿ ಮಾಡಬೇಕಾದ ಕೆಲಸ.