ಮಳೆಗಾಲ ನಿಂತ ಟ್ರ್ಯಾಕ್ಟರೂ ಡೀಸೆಲಿನೊಳಗಿನ ನೀರೂ

ಅಡಿಕೆ ಸಾಲುಗಳ ನಡುವೆ ನುಸುಳಬಲ್ಲ, 18.5 ಅಶ್ವಶಕ್ತಿಯ ಮಿತ್ಸುಬಿಷಿ ಶಕ್ತಿಯಂಥ ಹಳೆಯ ಪುಟ್ಟ ಟ್ರ್ಯಾಕ್ಟರುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯಲ್ಲಿ ನಿಂತು, ಗೊಬ್ಬರ ಸಾಗಿಸುವ ದಿನವೇ ಮುಷ್ಕರ ಹೂಡುವುದುಂಟು. ಬ್ಯಾಟರಿ ಸೋಲುವ ತನಕ ಸೆಲ್ಫ್ ಒತ್ತುವುದು ಇದಕ್ಕೆ ಮದ್ದಲ್ಲ. ಕೂಡಲೇ ಎಂಜಿನ್ ಬಿಚ್ಚಿಸಲು ಹೊರಡುವವರನ್ನೂ ನಾವು ತಡೆಯುತ್ತೇವೆ.

ಅರ್ಧ ಖಾಲಿಯಾದ ಟ್ಯಾಂಕಿನೊಳಗೆ ಮಳೆಗಾಲದ ತೇವ ಹನಿಗಟ್ಟುತ್ತದೆ. ನೀರು ಡೀಸೆಲಿಗಿಂತ ಭಾರ, ತಳ ಸೇರುತ್ತದೆ. ಇಂಜೆಕ್ಷನ್ ಪಂಪಿನ ಒಳಭಾಗಗಳಿಗೆ ಡೀಸೆಲೇ ಜಾರೆಣ್ಣೆ. ಅಲ್ಲಿಗೆ ನೀರು ಹೊಕ್ಕು ತುಕ್ಕು ಹಿಡಿದರೆ, ಆ ರಿಪೇರಿ ಸಣ್ಣ ಬೆಳೆಗಾರರಿಗೆ ಬಲು ಭಾರ.

ಆದ್ದರಿಂದ ಮೊದಲು ಟ್ಯಾಂಕಿನ ಮತ್ತು ಫಿಲ್ಟರಿನ ತಳದಿಂದ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ನೋಡಿರಿ. ಅಡಿಯಲ್ಲಿ ಬೇರೆ ಪದರ ಕಂಡರೆ ಅದೇ ನೀರು. ಶುದ್ಧ ಡೀಸೆಲ್ ಬರುವ ತನಕ ಇಳಿಸಿ, ಫಿಲ್ಟರ್ ಬದಲಿಸತಕ್ಕದ್ದು. ಈಗ ಕೊಳವೆಯಲ್ಲಿ ಗಾಳಿ ಸೇರಿರುತ್ತದೆ. ಮೊದಲು ಫಿಲ್ಟರಿನ, ಬಳಿಕ ಪಂಪಿನ ಗಾಳಿ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಹರಿದ ಮೇಲೆ ಬಿಗಿಯಿರಿ. ಎಂಜಿನ್ ಓಡುವಾಗ ಇಂಜೆಕ್ಟರ್ ಕೊಳವೆ ಸೋರುತ್ತಿದ್ದರೆ ಬೆರಳಿಟ್ಟು ಪರೀಕ್ಷಿಸಲೇಬಾರದು. ಆ ಒತ್ತಡದ ಡೀಸೆಲ್ ಚರ್ಮವನ್ನೇ ತೂರಿಬಿಡುತ್ತದೆ.

ಮುಂದಿನ ಮೇ ಕೊನೆಗೆ ಟ್ಯಾಂಕನ್ನು ಕಂಠಮಟ್ಟ ತುಂಬಿಸಿಯೇ ಗಾಡಿ ನಿಲ್ಲಿಸಿರಿ.