ಗುಣವಾದ ಮಗು, ಹಿಂದುಳಿದ ಓದು: ಹಳೆಯ ಮಾತ್ರೆಯೊಂದರ ಹೊಸ ಪರೀಕ್ಷೆ



ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಊರಿಗೆ ಹೋದರೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹಿರಿಯರೊಬ್ಬರು ಸಿಕ್ಕೇ ಸಿಗುತ್ತಾರೆ. ಅವರ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವ ಮಾತ್ರೆ ಮೆಟ್‌ಫಾರ್ಮಿನ್. ಮಿದುಳಿನ ಕ್ಯಾನ್ಸರಿನಿಂದ ಬದುಕಿ ಬಂದ ಮಕ್ಕಳ ನೆನಪು ಮತ್ತು ಗ್ರಹಣಶಕ್ತಿಯ ಚೇತರಿಕೆಗೆ ಇದೇ ಮಾತ್ರೆ ನೆರವಾದೀತೇ ಎಂದು ವೈದ್ಯವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ಸುದ್ದಿ ಆಶಾದಾಯಕವಾದದ್ದು. ಆದರೆ ಅದನ್ನು ಅರ್ಧ ಕೇಳಿದವರು ಅಜ್ಜನ ಮಾತ್ರೆಯನ್ನು ಮೊಮ್ಮಗನಿಗೆ ಕೊಟ್ಟುಬಿಡುವ ಅಪಾಯವೂ ಇದೆ. ಆದ್ದರಿಂದ ಈ ವಿಷಯವನ್ನು ಪೂರ್ತಿಯಾಗಿ ತಿಳಿಸಬೇಕೆಂದು ನಮಗನಿಸಿತು.

ಗುಣವಾದ ಮೇಲೂ ಉಳಿಯುವ ತೊಂದರೆ

ಮಕ್ಕಳ ಮಿದುಳಿನಲ್ಲಿ ಕಾಣಿಸಿಕೊಳ್ಳುವ ಮಾರಕ ಗಡ್ಡೆಗಳಲ್ಲಿ ಹೆಚ್ಚು ಸಾಮಾನ್ಯವಾದದ್ದು ಮೆಡುಲೋಬ್ಲಾಸ್ಟೋಮಾ. ಇದು ಹಿಮ್ಮಿದುಳಿನಲ್ಲಿ ಹುಟ್ಟುತ್ತದೆ. ಬೆಳಗಿನ ಜಾವದ ತಲೆನೋವು, ವಾಂತಿ, ನಡೆಯುವಾಗ ತೂರಾಟ, ಎರಡೆರಡಾಗಿ ಕಾಣುವುದು ಇದರ ಮುಖ್ಯ ಲಕ್ಷಣಗಳು. ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಹಾಗೂ ಕಿಮೋಥೆರಪಿ ಪೂರ್ಣವಾಗಿ ದೊರೆತರೆ ಬಹಳಷ್ಟು ಮಕ್ಕಳು ಬದುಕುಳಿಯುತ್ತಾರೆ.

ಆದರೆ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ವಿಕಿರಣವು ಬೆಳೆಯುತ್ತಿರುವ ಮಿದುಳಿನ ಒಳ್ಳೆಯ ಕೋಶಗಳಿಗೂ ಘಾಸಿ ಮಾಡುತ್ತದೆ. ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗದ ಮೂಲಕೋಶಗಳು ಕುಗ್ಗುತ್ತವೆ. ನರತಂತುಗಳ ಮೇಲಿನ ಮಯಲಿನ್ ಎಂಬ ಹೊದಿಕೆಯೂ ಹಾಳಾಗುತ್ತದೆ. ಹೊದಿಕೆ ಕೆಟ್ಟ ತಂತುವಿನಲ್ಲಿ ಸಂದೇಶ ನಿಧಾನವಾಗಿ ಸಾಗುತ್ತದೆ. ಹೀಗಾದ ಮಗು ಮೊದಲು ಕಲಿತದ್ದನ್ನು ಸಾಮಾನ್ಯವಾಗಿ ಮರೆಯುವುದಿಲ್ಲ, ಆದರೆ ಹೊಸದನ್ನು ಕಲಿಯುವ ವೇಗ ಕಡಿಮೆಯಾಗುತ್ತದೆ. ಎರಡನೆಯ ತರಗತಿಯಲ್ಲಿ ಅಷ್ಟಾಗಿ ಕಾಣದ ಅಂತರ ಏಳನೆಯ ತರಗತಿಯ ಹೊತ್ತಿಗೆ ಎದ್ದು ಕಾಣುತ್ತದೆ. ಚಿಕಿತ್ಸೆಯ ಕಾಲಕ್ಕೆ ಮಗುವಿನ ವಯಸ್ಸು ಎಷ್ಟು ಎಳೆಯದೋ ತೊಂದರೆ ಅಷ್ಟು ಹೆಚ್ಚು.

ಮಾತ್ರೆಯ ಕಥೆ

ಮೆಟ್‌ಫಾರ್ಮಿನ್‌ನ ಮೂಲ ಯೂರೋಪಿನ ಗಲೇಗಾ ಎಂಬ ಗಿಡದಲ್ಲಿದೆ. ಅದು ನಮ್ಮ ನೆಲದ ತೊಗರಿಯ ಕುಲಕ್ಕೇ ಸೇರಿದ ಸಸ್ಯ. 1922ರಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಈ ಔಷಧವನ್ನು 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಮಧುಮೇಹಿಗಳಿಗೆ ಬಳಸಿದ ವರದಿ ಪ್ರಕಟಿಸಿದರು. 2012ರಲ್ಲಿ ಕೆನಡಾದ ಟೊರೊಂಟೊ ನಗರದ ಸಿಕ್‌ಕಿಡ್ಸ್ ಮಕ್ಕಳ ಆಸ್ಪತ್ರೆಯ ವಿಜ್ಞಾನಿ ಫ್ರೆಡಾ ಮಿಲ್ಲರ್ ಅವರ ತಂಡವು, ಈ ಔಷಧ ಇಲಿಗಳ ಮಿದುಳಿನ ಮೂಲಕೋಶಗಳನ್ನು ಎಚ್ಚರಿಸಿ ಹೊಸ ನರಕೋಶಗಳನ್ನು ಹುಟ್ಟಿಸುತ್ತದೆಂದು ತೋರಿಸಿತು.

ಮುಂದೆ ಅದೇ ಆಸ್ಪತ್ರೆಯ ಡೊನಾಲ್ಡ್ ಮ್ಯಾಬಟ್ ಮತ್ತು ಸಂಗಡಿಗರು, ಮಿದುಳಿಗೆ ವಿಕಿರಣ ಚಿಕಿತ್ಸೆ ಪಡೆದು ಬದುಕಿದ 24 ಮಂದಿ ಎಳೆಯರಲ್ಲಿ ಇದನ್ನು ಪರೀಕ್ಷಿಸಿದರು. ಪ್ರತಿಯೊಬ್ಬರಿಗೂ 12 ವಾರ ಮೆಟ್‌ಫಾರ್ಮಿನ್, ಇನ್ನು 12 ವಾರ ಔಷಧವಿಲ್ಲದ ಹುಸಿಮಾತ್ರೆ, ನಡುವೆ ಕೆಲವು ವಾರಗಳ ಬಿಡುವು. ಹೀಗೆ ಮಾಡಿದಾಗ ಪ್ರತಿ ಮಗುವನ್ನೂ ಅದೇ ಮಗುವಿನೊಡನೆ ಹೋಲಿಸಿ ನೋಡಬಹುದು. 2020ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಮಾತ್ರೆಯನ್ನು ಮಕ್ಕಳು ಸಹಿಸಿಕೊಂಡರು. ನೆನಪಿನ ಕೆಲವು ಪರೀಕ್ಷೆಗಳಲ್ಲಿ ಸುಧಾರಣೆಯ ಸೂಚನೆಗಳು ಕಂಡವು. ಆದರೆ 24 ಮಂದಿಯ ಪರೀಕ್ಷೆಯಿಂದ ಔಷಧವನ್ನು ನಿರ್ಧರಿಸಲಾಗದು. ಸಂಶೋಧಕರೇ ದೊಡ್ಡ ಪ್ರಯೋಗ ಬೇಕೆಂದರು. ಅಂಥ ಪ್ರಯೋಗವನ್ನು ಕೆನಡಾ ಮತ್ತು ಆಸ್ಟ್ರೇಲಿಯಾದಲ್ಲಿ ಕೈಗೊಳ್ಳಲಾಗಿದೆ.

ಮನೆಯಲ್ಲಿ ಕೊಡಬಾರದೇಕೆ?

ಮಾತ್ರೆ ಅಗ್ಗವಾದದ್ದು, ಹಳೆಯದು, ಮನೆಯಲ್ಲೇ ಇದೆ. ಕೊಟ್ಟರೇನು ನಷ್ಟ ಎಂದು ಯಾರಾದರೂ ಕೇಳಬಹುದು. ಮೆಡುಲೋಬ್ಲಾಸ್ಟೋಮಾ ಚಿಕಿತ್ಸೆಯಲ್ಲಿ ಬಳಸುವ ಸಿಸ್‌ಪ್ಲಾಟಿನ್ ಔಷಧವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಮೆಟ್‌ಫಾರ್ಮಿನ್ ದೇಹದಲ್ಲಿ ಉಳಿದು, ಅಪರೂಪಕ್ಕಾದರೂ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಿ ಜೀವಕ್ಕೇ ಕುತ್ತು ಬರಬಹುದು. ದೀರ್ಘಕಾಲ ಸೇವಿಸಿದರೆ ನರಗಳಿಗೆ ಅಗತ್ಯವಾದ ಬಿ12 ಜೀವಸತ್ವವೂ ಕುಸಿಯಬಹುದು. ಭೇದಿ, ಹೊಟ್ಟೆನೋವುಗಳಂತೂ ಸಾಮಾನ್ಯ. ಆದ್ದರಿಂದ ರಕ್ತಪರೀಕ್ಷೆಯಿಲ್ಲದೆ, ವೈದ್ಯರ ಮಾತಿಲ್ಲದೆ ಈ ಮಾತ್ರೆಯನ್ನು ಮಗುವಿಗೆ ಕೊಡಲೇಬಾರದು.

ಪ್ರಯೋಗಕ್ಕೆ ಮಗುವನ್ನು ಸೇರಿಸಿರೆಂದು ಯಾರಾದರೂ ಕೇಳಿದರೆ, ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ ಎಂದು ವಿಚಾರಿಸಿರಿ. 2009ರಿಂದ ಈ ನೋಂದಣಿ ಕಡ್ಡಾಯ. ತಿಳಿಯುವ ಭಾಷೆಯಲ್ಲಿ ವಿವರಣೆ ಪಡೆಯುವುದು, ಒಪ್ಪದಿರುವುದು, ನಡುವೆ ಹೊರಬರುವುದು ನಿಮ್ಮ ಹಕ್ಕು.

ಇಂದು ಮಾಡಬಹುದಾದದ್ದು

ಮೊದಲನೆಯದಾಗಿ, ಮಗುವನ್ನು ಸೋಮಾರಿ, ದಡ್ಡ ಎಂದು ಕರೆಯುವುದನ್ನು ನಿಲ್ಲಿಸೋಣ. ಅದರ ನಿಧಾನಗತಿ ಚಿಕಿತ್ಸೆಯ ಗಾಯ. ಸ್ವಭಾವದ ದೋಷವಲ್ಲ, ದೇವರ ಶಾಪವೂ ಅಲ್ಲ.

ಗಡ್ಡೆ ಹೋಯಿತೆಂದು ತಪಾಸಣೆ ಬಿಡಬಾರದು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಶಾಖಾ ಕೇಂದ್ರವಿದೆ. ಥೈರಾಯ್ಡ್, ಬೆಳವಣಿಗೆಯ ಹಾರ್ಮೋನು, ಕಿವಿ, ಕಣ್ಣುಗಳ ಪರೀಕ್ಷೆಯನ್ನು ವೈದ್ಯರಲ್ಲಿ ಕೇಳಿ ಮಾಡಿಸಿರಿ. ಸಿಸ್‌ಪ್ಲಾಟಿನ್‌ನಿಂದ ಕಿವಿ ಮಂದವಾದ ಮಗುವೂ, ಥೈರಾಯ್ಡ್ ಕುಗ್ಗಿದ ಮಗುವೂ ಓದಿನಲ್ಲಿ ಹಿಂದೆ ಬೀಳುತ್ತದೆ. ಇವೆರಡಕ್ಕೂ ಇಂದೇ ಪರಿಹಾರವಿದೆ. ನೆನಪು, ಗಮನಗಳ ವಿವರವಾದ ಪರೀಕ್ಷೆ ಮತ್ತು ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಶಾಲೆಯ ಗುರುಗಳಿಗೆ ವಿಷಯ ತಿಳಿಸಿರಿ. ಮುಂದಿನ ಸಾಲಿನಲ್ಲಿ ಕೂಡಿಸುವುದು, ಒಮ್ಮೆಗೆ ಒಂದೇ ಸೂಚನೆ ಕೊಡುವುದು, ಬರೆಯಲು ಹೆಚ್ಚು ಸಮಯ ನೀಡುವುದು ಇವಕ್ಕೆ ಹಣ ಬೇಕಿಲ್ಲ. ಅಂಗವೈಕಲ್ಯ ಪ್ರಮಾಣಪತ್ರ ದೊರೆತರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯವನ್ನೂ ಬರಹಗಾರರ ನೆರವನ್ನೂ ಕೋರಬಹುದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯವೃತ್ತಿಯನ್ನೇ ಕಾಯಕವಾಗಿಸಿಕೊಂಡ ವೈದ್ಯ ಸಂಗಣ್ಣನವರಿದ್ದರು. ರೋಗವನ್ನು ಅರಿತು ಮದ್ದು ಕೊಡುವುದೇ ವೈದ್ಯರ ಕಾಯಕ. ಪ್ರಯೋಗದ ಫಲ ಬರುವವರೆಗೆ ಕಾಯುವ ಸಹನೆ ನಮ್ಮಲ್ಲಿರಲಿ. ಆದರೆ ಮಗುವಿಗೆ ನೀಡಬೇಕಾದ ಆಸರೆಯನ್ನು ಅಲ್ಲಿಯವರೆಗೆ ಕಾಯಿಸುವುದು ಬೇಡ.